ಎಂಜಿನ್ ಆಫ್ ಮಾಡಿ

ಮಾರ್ಚ್ ೧೪, ಶನಿವಾರ

ನಿದ್ದೆ ಹತ್ತುತ್ತಲೇ ಇಲ್ಲ. ನಮ್ಮ ಪೆಟ್ರೋಲ್ ಬಂಕಿಗೆ ಇವತ್ತು ಮೊದಲ ಕರೆಂಟ್ ಕಾರು ಚಾರ್ಜಿಗೆ ಬಂತು. ಹಲ್ಲಿನ ಡಾಕ್ಟರಮ್ಮನದು. ಅಪ್ಪ ರೂಢಿಯಂತೆ ಗಲ್ಲಾದಿಂದಲೇ "ಎಂಜಿನ್ ಆಫ್ ಮಾಡಿ" ಅಂತ ಕೂಗಿದರು. ಎಂಜಿನ್ನೇ ಇಲ್ಲದ ಗಾಡಿ! ಆಕೆ ನಗು ತಡೆದುಕೊಂಡು "ಆಯ್ತು ಯಜಮಾನರೇ" ಅಂದರು.

ಪ್ಲಗ್ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಅಷ್ಟರಲ್ಲೇ ಕರೆಂಟ್ ಹೋಗಬೇಕೇ?

ಚಾರ್ಜರ್ ಬೇಡವೇ ಬೇಡ ಅಂತ ವರ್ಷವಿಡೀ ಹಟ ಹಿಡಿದಿದ್ದ ಅಪ್ಪನ ಮುಖ ನೋಡಬೇಕಿತ್ತು. ಮೀಸೆಯಡಿ ನಗುತ್ತಾ ಡೀಸೆಲ್ ಕ್ಯಾನ್ ಹಿಡಿದು ತಾವೇ ಜನರೇಟರ್ ಹತ್ತಿರ ಹೋದರು. "ನಿನ್ನ ಕರೆಂಟ್ ಕಾರು ಕುಡಿಯೋದೂ ನನ್ನ ಎಣ್ಣೇನೇ ಕಣಮ್ಮ."

ನಾನು ಬಿಡ್ತೀನಾ? "ಬಂಕಿನ ಚಾವಣಿ ಮೇಲೆ ಸೋಲಾರ್ ಹಾಕಿಸ್ತೀನಿ. ಆಮೇಲೆ ಯಾರ ಎಣ್ಣೆ ಅಂತ ಕೇಳ್ತೀನಿ" ಅಂದೆ. ಅಪ್ಪ ಖಾಲಿ ಕ್ಯಾನ್ ಕೆಳಗಿಟ್ಟು ಗಲ್ಲಾಕ್ಕೆ ಹೋಗಿ ಕೂತರು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಕೋಪ ಬಂತೇನೋ ಅಂದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ಅಲ್ಲಾ, ನಮ್ಮ ಚಾವಣಿ ಅಷ್ಟು ಭಾರ ತಡೆಯುತ್ತಾ?"

ಎತ್ತಿದ ತುತ್ತು ನನ್ನ ಕೈಯಲ್ಲೇ ಉಳಿಯಿತು. ಬೆಳಗಾಗಲಿ, ಏಣಿ ಹಾಕಿ ಚಾವಣಿ ಹತ್ತಿ ನೋಡೇ ಬಿಡ್ತೀನಿ.