೨೧೪ನೆಯ ಕಲ್ಲು

ಅಪ್ಪಾ,

ನೀನು ಮೂವತ್ತು ವರ್ಷ ಸಿಪಾಯಿಯಾಗಿದ್ದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲೇ ನಾನೀಗ ಪಾಠ ಮಾಡುತ್ತೇನೆ. ಇವತ್ತು ಬೆಳಗಾವಿಯಿಂದ ಸಂಶೋಧಕರೊಬ್ಬರು ಬಂದಿದ್ದರು. ಹಿಮಾಲಯದಿಂದ ತಂದಿದ್ದ ೨೧೪ನೆಯ ಕಲ್ಲಿಗೆ ನೀರು ಸವರಿ, ಬೆಳಕಿಗೆ ಓರೆಯಾಗಿ ಹಿಡಿದವರು ಹಾಗೇ ನಿಂತುಬಿಟ್ಟರು. ನಾವೆಲ್ಲ ಪೆನ್ಸಿಲ್ ಗೀರು ಅಂದುಕೊಂಡಿದ್ದು ಗ್ರಾಪ್ಟೊಲೈಟ್ ಎಂಬ ಪಳೆಯುಳಿಕೆ. ಗರಗಸದ ಹಲ್ಲಿನಂಥ ಸಾಲು. ಒಂದೊಂದು ಹಲ್ಲೂ ಕಡಲಲ್ಲಿ ಕೂಡಿ ಬಾಳಿದ ಒಂದೊಂದು ಜೀವದ ಮನೆ. ಆ ಕುಲವೇ ಅಳಿದು ಮೂವತ್ತು ಕೋಟಿ ವರ್ಷ ದಾಟಿದೆ.

"ಇಂಥಾದ್ದು ನಾ ಎಲ್ಲೂ ನೋಡಿಲ್ರಿ ಮೇಡಂ. ಯಾವ ಪದರಿನ್ಯಾಗ ಸಿಕ್ಕಿತ್ತಂತ ಗೊತ್ತಾದ್ರ ಇದರ ಕಾಲ ಹೇಳಬಹುದು. ನಂಬರ್ ಐತಿ, ಬರದಿಟ್ಟ ವಹಿ ಎಲ್ಲೈತ್ರಿ?"

ವಿಭಾಗದ ರಿಜಿಸ್ಟರಿಗೆ ಗೆದ್ದಲು ಹಿಡಿದಾಗ ನೀನು ಒಂದೊಂದೇ ನಂಬರನ್ನು, ಕಲ್ಲು ಸಿಕ್ಕ ಪದರದ ಸಮೇತ, ನಿನ್ನ ವಹಿಗೆ ಇಳಿಸಿಕೊಂಡಿದ್ದೆ. "ಇದು ಹೋತಂದ್ರ ಕಲ್ಲು ಬರೇ ಕಲ್ಲವಾ" ಅನ್ನುತ್ತಿದ್ದೆ. ನೀನು ಹೋಗಿ ಹದಿನೈದು ದಿನಕ್ಕೆ, ಬೆಂಗೇರಿಯ ಮನೆ ಖಾಲಿ ಮಾಡುವಾಗ, ನಾನು ತೆರೆದೂ ನೋಡದೆ ಅದನ್ನು ರದ್ದಿಗೆ ಹಾಕಿದೆ.

"ವಹಿ ಇಲ್ರಿ" ಎಂದಷ್ಟೇ ಹೇಳಿದೆ.

ಅವರು ಕಲ್ಲಿನ ಮೇಲಿನ ನಿನ್ನ ದುಂಡನೆಯ ಅಂಕಿಯ ಮೇಲೆ ಬೆರಳಾಡಿಸಿದರು. "ಇಷ್ಟು ಚಂದ ನಂಬರ್ ಹಾಕಿದವರು ಯಾರ್ರಿ? ಅವರ ಮನ್ಯಾಗ ಕೇಳಿದ್ರ ಸಿಗಬಹುದೇನೋ?"

"ಯಾರೋ ಹಳೇ ಸಿಪಾಯಿ ಇದ್ದರಂತ್ರಿ. ನನಗ ಗೊತ್ತಿಲ್ಲ."

ಕಲ್ಲನ್ನು ಖಾನೆಯಲ್ಲಿಟ್ಟು ಹೊಸ ಚೀಟಿ ಬರೆದೆ. ಪದರ: ತಿಳಿಯದು. ಕಾಲ: ತಿಳಿಯದು.

ಈ ಕಾಗದದ ಕೊನೆಗೆ 'ಇಂತಿ ನಿನ್ನ ಮಗಳು' ಎಂದು ಬರೆಯಲು ಕೈ ಏಳುತ್ತಿಲ್ಲ.