ಸೆರೆ ಅಂದರೆ ಯಾವುದು

ಶಹಾಬಾದ
14 ನವೆಂಬರ್ 2024

ಅವ್ವನಿಗೆ ನಿನ್ನ ಲುಂಬಿನಿಯ ಜೈ ಭೀಮ್.

ಕೋರ್ಟಿನಿಂದ ಬಂದ ಮೇಲೆ ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ನಿನ್ನ ಫೋನು ಅಣ್ಣನ ಹತ್ತಿರ ಇದೆಯಂತೆ. ಅದಕ್ಕೇ ನಿನ್ನ ಪಕ್ಕದ ಮನೆಯ ತಾಜುನ್ನಿಸಾ ಖಾಲಾನ ಕೈಯಲ್ಲಿ ಈ ಕಾಗದ. ಅಣ್ಣ ಕೆಲಸಕ್ಕೆ ಹೋದಾಗ ಓದಿ ಹೇಳುತ್ತಾರೆ. ನಾನು ಇಲ್ಲಿ ಶಹಾಬಾದದಲ್ಲಿ ಅವರ ಮಗಳು ಮುಬೀನಳ ಬಾಡಿಗೆ ಕೋಣೆಯಲ್ಲಿದ್ದೇನೆ. ಕಲಬುರಗಿಯ ನರ್ಸಿಂಗ್ ಕಾಲೇಜಿಗೆ ಇಲ್ಲಿಂದಲೇ ರೈಲಿನಲ್ಲಿ ಹೋಗಿಬರುತ್ತೇನೆ.

ಅವತ್ತಿನದು ಮರೆಯಲಾಗುತ್ತಿಲ್ಲ. ಸೋದರಮಾವನನ್ನು ಮದುವೆಯಾಗಲ್ಲ ಎಂದದ್ದಕ್ಕೆ ದೇವಿಂದ್ರಣ್ಣ ನನ್ನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ. ಮುಬೀನ ದೂರು ಕೊಟ್ಟಳು, ಪೊಲೀಸರು ಬಿಡಿಸಿದರು. ಜಡ್ಜ್ ಮೇಡಂ ಮುಂದೆ ಅವನು, "ಕೂಡಿ ಹಾಕಿಲ್ರಿ ಮೇಡಂ. ಮನಿ ಹುಡುಗಿ ಮನ್ಯಾಗ ಇತ್ತು, ಅಷ್ಟ" ಎಂದ. ಆಗ ಸರ್ಕಾರಿ ವಕೀಲರು ನಿನ್ನತ್ತ ತಿರುಗಿ, "ಏನಮ್ಮಾ, ಮಗಳನ್ನು ಸೆರೆಯಲ್ಲಿ ಇಟ್ಟಿದ್ದಿರಾ?" ಎಂದು ಕೇಳಿದರು.

ನಮ್ಮ ಕಡೆ ಸೆರೆ ಅಂದರೆ ಕುಡಿಯುವ ಸೆರೆ. ನೀನು ಗಾಬರಿಯಾಗಿ, "ಎಪ್ಪಾ, ನಮ್ಮ ಮನ್ಯಾಗ ಯಾರೂ ಸೆರೆ ಮುಟ್ಟಂಗಿಲ್ರಿ! ಗ್ವಾಡಿಗಿ ಬುದ್ಧನ ಫೋಟೋ ಅದರಿ" ಎಂದೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಿನ್ನ ಮುಖ ಸಣ್ಣದಾಯಿತು. ಇಷ್ಟಕ್ಕೇ ಮುಗಿಯಿತು, ಮತ್ತೆ ಅದೇ ಕೋಣೆ ಅಂದುಕೊಂಡೆ.

ಮೇಡಂ ಮಾತ್ರ ನಗಲಿಲ್ಲ. "ಆ ಸೆರೆ ಅಲ್ಲವ್ವಾ. ಆಕಿ ಹೊರಗ ಹೋಗತೀನಂದ್ರ ಬಿಡತಿದ್ರೇನು?" ಎಂದರು.

ನೀನು ಅಣ್ಣನನ್ನು ನೋಡಿದೆ. ಅವನು ಕಣ್ಣು ಕೆಕ್ಕರಿಸಿದ.

"ಬಿಟ್ಟಿಲ್ರಿ" ಎಂದೆ ನೀನು. "ಭಾಳ ಅತ್ತಳ್ರಿ. ಊಟನೂ ಮಾಡಲಿಲ್ರಿ. ನನ್ನ ಮಗ ಬಿಡಲಿಲ್ರಿ."

ಆ ಕೋರ್ಟಿನಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಯಾರೂ ಮಾತಾಡಲಿಲ್ಲ. ಎಲ್ಲಿ ಬೇಕಾದರೂ ಇರಬಹುದು ಎಂದು ಮೇಡಂ ನನಗೆ ಹೇಳಿದರು. ಹೊರಗೆ ಬಂದಾಗ ಅಣ್ಣ ನಿನ್ನ ರಟ್ಟೆ ಹಿಡಿದು ಆಟೋ ಹತ್ತಿಸಿದ. ನಿನ್ನ ಕಾಲು ಮುಟ್ಟಲೂ ಆಗಲಿಲ್ಲ.

ಮೊಣಕಾಲಿಗೆ ಎಣ್ಣೆ ತಪ್ಪಿಸಬೇಡ. ನೀನು ತಣ್ಣಗಿರು, ನನ್ನನ್ನೂ ಮನಸ್ಸಿನಲ್ಲೇ ಹರಸು.

ನಿನ್ನ ಮಗಳು,
ಲುಂಬಿನಿ

ಮರೆತಿದ್ದೆ ಎಂದಲ್ಲ, ಬರೆಯಲು ಕೈ ಬರಲಿಲ್ಲ: ಕೋರ್ಟಿನ ದಿನದಿಂದ ನೀನು ಹೊಲಕ್ಕೂ ಹೋಗಿಲ್ಲ, ನೀರಿಗೂ ಬಂದಿಲ್ಲವಂತೆ. ಖಾಲಾ ನಿನ್ನ ಕಿಟಕಿಯ ಹೊರಗೆ ನಿಂತೇ ನಿನ್ನನ್ನು ಮಾತಾಡಿಸುತ್ತಾರಂತೆ. ಅಣ್ಣ ನಿನ್ನನ್ನೂ ಕೂಡಿಹಾಕಿದ್ದಾನೆಯೇ ಅವ್ವ? ಬಾಯಿಬಿಟ್ಟು ಹೇಳಬೇಡ. ಖಾಲಾಗೆ ತಲೆಯಾಡಿಸು, ಸಾಕು. ಪೊಲೀಸರನ್ನು ಕರೆದುಕೊಂಡು ನಾನೇ ಬರುತ್ತೇನೆ.