ಉಮ್ಮತ್ತಿ ಬಾಡಿದ ಮೇಲೆ

ಬೇಲಿ ಬದಿಯ ಮನೆ,
ಹನ್ನೊಂದನೇ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ಮಂಡಿನೋವು ಹೇಗಿದೆ? ಜೈಲಿನ ನೆಲ ತಣ್ಣಗಿರುತ್ತದೆ, ಕಂಬಳಿ ಮಡಿಸಿ ಸೊಂಟದ ಕೆಳಗೆ ಹಾಕಿಕೋ. ನಾನು ಚೆನ್ನಾಗಿದ್ದೇನೆ; ಎಡಗಿವಿಯ ಹತ್ತಿರ ನಾಲ್ಕು ಹೊಲಿಗೆ, ಅಷ್ಟೇ. ನಿನ್ನ ಅತ್ತಿಗೆ ಬದುಕಿದ್ದಿದ್ದರೆ 'ಬಿಡಿ, ಆ ಕಿವಿ ಯಾವತ್ತು ನನ್ನ ಮಾತು ಕೇಳಿತ್ತು' ಅನ್ನುತ್ತಿದ್ದಳು. ಎಲ್ಲಿದ್ದೆ? ಹಾಂ, ಹೋದ ಕಾಗದದಲ್ಲಿ 'ಹೊರಗೆ ಬಂದ ದಿನವೇ ಬಡಗಿಯ ಇನ್ನೊಂದು ಕೈನೂ ತೆಗೀತೀನಿ' ಎಂದು ಬರೆದಿದ್ದೀಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುರುವಾರ ಬೇಲಿಯಾಚೆ ಬಡಗಿಯ ಹಸು ಸತ್ತಿತು. ನಿನ್ನ ಹಸುಗಳು ಸತ್ತ ಹಾಗೆಯೇ: ಕಣ್ಣಗುಡ್ಡೆ ಕಪ್ಪು ಬಟ್ಟಲಾಗಿ, ನಾಲಿಗೆ ಒಣಗಿ ಹೊರಬಿದ್ದು, ಗೋಡೆಗೆ ತಲೆ ಚಚ್ಚಿ ಚಚ್ಚಿ ಕೊಂಬು ಮುರಿದುಕೊಂಡು. ಅವನು ಎಡಗೈಯಲ್ಲಿ ಮಚ್ಚು ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದ. 'ತಮ್ಮ ಕೈ ಕಡಿದ, ಈಗ ಅಣ್ಣ ವಿಷ ಹಾಕ್ತಾನಾ? ಬಾರೋ ಹೊರಗೆ, ಮುದಿಯಾ!' ನಾನು ಕಾಲೇಜಿನ ಇಂಗ್ಲಿಷಿನಲ್ಲಿ 'ಲಿಸನ್, ಮೈ ಡಿಯರ್ ಫ್ರೆಂಡ್' ಎಂದೆ. ಮುಂದಿನದು ನೆನಪಾಗುವಷ್ಟರಲ್ಲಿ ಏಟು ಬಿತ್ತು. ಎಡಗೈ ಇನ್ನೂ ಪಳಗಿಲ್ಲವಲ್ಲ, ಕಿವಿ ಸವರಿಕೊಂಡು ಹೋಗಿ ಬಾಗಿಲಿಗೆ ಕಚ್ಚಿಕೊಂಡಿತು. ಆ ಬಾಗಿಲು ಅವನೇ ಮಾಡಿದ್ದು. ಒಂದೇ ಕೈಯಲ್ಲಿ ಮಚ್ಚು ಕೀಳಲಾಗದೆ ಅಲ್ಲೇ ಕುಸಿದು ಅತ್ತ. ನನ್ನ ಅಂಗಿಯೆಲ್ಲಾ ರಕ್ತ, ಆದರೂ ಅವನಿಗೆ ನೀರು ತಂದುಕೊಟ್ಟವನು ನಾನೇ.

ದನದ ಡಾಕ್ಟರಮ್ಮ ಬಂದು ಹಸುವಿನ ಹೊಟ್ಟೆ ಸೀಳಿದರು. ಮೊಣಕೈವರೆಗೂ ಕೈ ಹಾಕಿ ಹಿಡಿ ಹಿಡಿಯಾಗಿ ಈಚೆ ತೆಗೆದದ್ದು ಬಾಡಿದ ಉಮ್ಮತ್ತಿ, ಮುಳ್ಳುಕಾಯಿ ಸಮೇತ. ನನ್ನ ಕಾಲೇಜಿನ ಬಾಟನಿ ಮೇಷ್ಟ್ರು 'ನೇಟಿವ್, ಬಟ್ ನಾಟ್' ಏನೋ ಅನ್ನುತ್ತಿದ್ದರು. ನಮ್ಮ ನೆಲದ್ದೇ ಗಿಡ, ಆದರೂ ನಂಬಬೇಡಿ ಎಂದಿರಬೇಕು. ಹಸಿಯಿದ್ದಾಗ ದನ ಅದನ್ನು ಮೂಸಿಯೂ ನೋಡುವುದಿಲ್ಲ. ಕೊಯ್ದು ಬಾಡಿಸಿದರೆ ನಾತ ಹೋಗುತ್ತದೆ, ವಿಷ ಹೋಗುವುದಿಲ್ಲವಂತೆ. ಬಡಗಿಯ ಹೆಂಡತಿ ಬೇಲಿಯ ಹುಲ್ಲಿನ ಜೊತೆ ಅದನ್ನೂ ಕೊಯ್ದು, ಒಣಗಿಸಿ, ಗೋದಲಿಗೆ ಹಾಕಿದ್ದಳು.

ತಮ್ಮಾ, ನೀನೂ ಅದನ್ನೇ ಮಾಡಿದ್ದೆ. ಬೇಲಿ ಸವರಿ, ಬಿಸಿಲಿಗೆ ಹರವಿ, 'ಒಂದು ಕಡ್ಡಿನೂ ದಂಡ ಆಗಬಾರ್ದು ಅಣ್ಣಾ' ಎಂದು ಗೋದಲಿ ತುಂಬಿಸಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಹಸುಗಳು ಸತ್ತ ಬೆಳಿಗ್ಗೆ, ಬಡಗಿಯೇ ವಿಷವಿಟ್ಟ ಎಂದು, ಅವನ ಕೈಯನ್ನು ಅವನದೇ ಕೆಲಸದ ಹಲಗೆಗೆ ಒತ್ತಿ ಹಿಡಿದು ಕೊಡಲಿ ಎತ್ತಿದೆ. ಆ ಹಲಗೆ ಇನ್ನೂ ಕಪ್ಪಗೇ ಇದೆ.

ಈಗ ನಾನೂ ಬಡಗಿಯೂ ಬೇಲಿಯುದ್ದಕ್ಕೂ ಉಮ್ಮತ್ತಿ ಕೀಳುತ್ತಿದ್ದೇವೆ. ಎಳೆಯದು ಬದನೆ ಸಸಿಯ ಹಾಗೆ ಕಾಣುತ್ತದೆ. ಎಲೆ ಹೊಸಕಿದರೆ ಗಬ್ಬು ನಾತ. ಕಾಯಿ ಒಡೆಯುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಮೇತ ಎಳೆದು, ದನ ಸುಳಿಯದ ಕಡೆ ಆಳವಾಗಿ ಹೂಳುವುದು. ಅವನ ಕೈಯ ಚೀಲಕ್ಕೆ ನಾನೇ ಗಂಟು ಹಾಕಬೇಕು.

ಹೊಟ್ಟೆ ತುಂಬ ಉಣ್ಣು. ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗಿರಲಿ.

ನಿನ್ನ ಅಣ್ಣ

ಮರೆತಿದ್ದೆ: ನಿನ್ನ ಕೊಡಲಿಯನ್ನು ಉಮ್ಮತ್ತಿಯ ಗುಂಡಿಯಲ್ಲೇ ಹೂತಿದ್ದೇನೆ. ಬಿಡುಗಡೆಯ ದಿನ ಗೇಟಿನ ಹತ್ತಿರ ನನ್ನ ಜೊತೆ ಬಡಗಿಯೂ ನಿಂತಿರುತ್ತಾನೆ, ತಾನೂ ಬರುತ್ತೇನೆ ಎಂದಿದ್ದಾನೆ. ಯಾಕೆ ಎಂದರೆ ಬಗ್ಗಿ ಇನ್ನೊಂದು ಗಿಡ ಕೀಳುತ್ತಾನೆ. ಕೈ ಚಾಚುತ್ತಾನೋ ಮಚ್ಚು ಚಾಚುತ್ತಾನೋ ನನಗೆ ತಿಳಿಯದು. ಯಾವುದನ್ನು ಚಾಚಿದರೂ, ನೀನು ಕೈ ಎತ್ತಬೇಡ.